ಊಸರವಳ್ಳಿಗೆ ಮಳೆಗಾಲ

ಭಾಗ 1/6

ಹೋದ ವಾರ ಸ್ಟೋರಿಗೆ ಹಾಕಿದ ಊಸರವಳ್ಳಿ ಫೋಟೋಗೆ ಬಂದ ಮೆಸೇಜ್‌ಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ: "ಎಲ್ಲಿ ಸಿಗುತ್ತೆ?" ಉಳಿದರ್ಧ ನಮ್ಮ ಊರಿನವರದ್ದು: "ನಮ್ಮ ಗದ್ದೆ ಬೇಲೀಲೇ ಇದೆ, ಹಿಡಿದು ಸಾಕಬಹುದಾ?"

ಎರಡನೇ ಪ್ರಶ್ನೆಗೆ ಉತ್ತರ ಈಗಲೇ ಹೇಳ್ತೀನಿ. ಸಾಕಬಾರದು. ಕಾನೂನೂ ಬಿಡಲ್ಲ, ಕಾರಣವೂ ಇದೆ. ಆ ಕಾರಣ ಅರ್ಥ ಆಗಬೇಕು ಅಂದ್ರೆ ಮೊದಲು ಗಾಳಿ ಮತ್ತು ತೇವದ ಬಗ್ಗೆ ಮಾತಾಡಬೇಕು. ಫೋಟೋದಲ್ಲಿ ಇರೋದು ಬೇಲಿಯದ್ದಲ್ಲ. ಅದು ವೇಲ್ಡ್ ಕಮೀಲಿಯನ್, ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಜೀವಿ. ಸೊರಬದ ನನ್ನ ದೊಡ್ಡಮ್ಮನ ಮಗ ಅಣ್ಣ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ತಗೊಂಡು, ನೋಂದಣಿ ಮಾಡಿಸಿ ಸಾಕಿದ್ದು.

ಇನ್ನೊಂದು ಮಾತು. ಮನೆ ಗೋಡೆ ಮೇಲೆ ತಲೆ ಆಡಿಸ್ತಾ ಕೂರೋದು ಓತಿಕ್ಯಾತ. ಊಸರವಳ್ಳಿ ಅಂದ್ರೆ ಬಾಲ ಸುರುಳಿ ಸುತ್ತಿ ಕೊಂಬೆ ಹಿಡಿಯೋದು, ಎರಡು ಕಣ್ಣನ್ನೂ ಬೇರೆ ಬೇರೆ ಕಡೆ ತಿರುಗಿಸೋದು, ನಡೆಯೋವಾಗ ಗಾಳಿಗೆ ಅಲ್ಲಾಡೋ ಎಲೆ ಥರ ತೂಗೋದು. ಕೆಲವರು ಗೋಸುಂಬೆ ಅಂತೀರಿ. ಎಲೆಕ್ಷನ್ ಟೈಮಲ್ಲಿ ಆ ಹೆಸರು ಯಾರ್‍ಯಾರಿಗೋ ಇಡ್ತಾರೆ, ಆ ವಿಷಯ ಬೇಡ.

ಭಾಗ 2/6

ಹೋದ ಜೂನ್‌ನಲ್ಲಿ ಅಣ್ಣ ವರ್ಕ್ ಫ್ರಮ್ ಹೋಮ್ ಅಂತ ಸೊರಬಕ್ಕೆ ಬಂದ. ಜೊತೆಗೆ ಇದೂ ಬಂತು, ಎರಡಡಿಯ ಗಾಜಿನ ಪೆಟ್ಟಿಗೆ ಸಮೇತ. "ಇದು ಕಾಡಿನ ಪ್ರಾಣಿ, ಯಾವಾಗಲೂ ತೇವ ಇರಲಿ" ಅಂತ ಅಂಗಡಿಯವರು ಹೇಳಿ ಮಾರಿದ್ದ ಪೆಟ್ಟಿಗೆ. ಅಡಿಗೆ ತೆಂಗಿನ ನಾರಿನ ಪುಡಿ, ಮೇಲೆ ಅರ್ಧ ಮುಚ್ಚಿದ ಮುಚ್ಚಳ, ಪಕ್ಕದಲ್ಲಿ ದಿನವಿಡೀ ಮಂಜು ಬಿಡೋ ಹ್ಯೂಮಿಡಿಫೈಯರ್. ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಅದು ಹೇಗೋ ನಡೆದುಹೋಗಿತ್ತು.

ಸೊರಬದ ಜೂನ್ ಗೊತ್ತಲ್ಲ. ಬಟ್ಟೆ ಮೂರು ದಿನಕ್ಕೂ ಒಣಗಲ್ಲ, ಬೆಲ್ಟಿಗೂ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಗಾಜಿನ ಒಳಗೆ ಬೆಳಿಗ್ಗೆಯಿಂದ ರಾತ್ರಿವರೆಗೂ ಹನಿ ಇಳೀತಾನೇ ಇತ್ತು. ನಾನು ಶನಿವಾರ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಹೋದಾಗ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಪ್ರಾಣಿ ಮೂತಿಯನ್ನ ಮೇಲಕ್ಕೆ ಎತ್ತಿ, ಬಾಯಿ ಸ್ವಲ್ಪ ತೆರೆದು ಕೂತಿತ್ತು. ಮಟಮಟ ಮಧ್ಯಾಹ್ನ ಕಣ್ಣು ಮುಚ್ಚಿತ್ತು. ಹತ್ತಿರ ಕಿವಿ ಇಟ್ಟರೆ ಉಸಿರಲ್ಲಿ ಚಿಟ್ ಚಿಟ್ ಸದ್ದು.

ಊಸರವಳ್ಳಿ ಹಗಲು ಕಣ್ಣು ಮುಚ್ಚಿ ಕೂತರೆ ಅದು ನಿದ್ದೆ ಅಲ್ಲ, ತೊಂದರೆ. ಇವು ಕಾಯಿಲೆಯನ್ನ ಕೊನೆವರೆಗೂ ಮುಚ್ಚಿಡೋ ಪ್ರಾಣಿಗಳು, ಯಾಕಂದ್ರೆ ಕಾಡಲ್ಲಿ ಸುಸ್ತಾದವರನ್ನೇ ಹದ್ದು ಮೊದಲು ನೋಡೋದು. ಅಂದ್ರೆ ನಮಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಅವತ್ತು ರಾತ್ರಿ ಬಸ್ಸಿಗೇ ಅಣ್ಣ ಅದನ್ನ ಬಟ್ಟೆ ಚೀಲದಲ್ಲಿಟ್ಟುಕೊಂಡು ಬೆಂಗಳೂರಿಗೆ ಹೊರಟ. ಇಲ್ಲಿ ದನ, ಎಮ್ಮೆ, ನಾಯಿಗೆ ಡಾಕ್ಟರ್ ಇದ್ದಾರೆ. ಇದನ್ನ ನೋಡೋರು ಅಷ್ಟು ದೂರದಲ್ಲೇ ಇರೋದು.

ಭಾಗ 3/6

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಊಟದ ಬಗ್ಗೆ ಅಲ್ವಂತೆ. "ಪೆಟ್ಟಿಗೆಗೆ ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಂದ ಹೋಗುತ್ತೆ?" ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ಶ್ವಾಸಕೋಶದ ಸೋಂಕು ಅಂದ್ರು. ಇಂಜೆಕ್ಷನ್ ಶುರು ಮಾಡಿದ್ರು, ಆದ್ರೆ ಅದೇ ಪೆಟ್ಟಿಗೆಗೆ ವಾಪಸ್ ಹಾಕೋದಾದ್ರೆ ಔಷಧಿ ದಂಡ ಅಂತಲೂ ಹೇಳಿದ್ರು.

ಯಾಕೆ ಅಂತ ನೋಡಿ. ನಮಗೆ ಎದೆ ಮತ್ತು ಹೊಟ್ಟೆ ನಡುವೆ ವಪೆ ಇದೆ, ಕಫ ಕಟ್ಟಿದ್ರೆ ಜೋರಾಗಿ ಕೆಮ್ಮಿ ಹೊರಗೆ ಹಾಕ್ತೀವಿ. ಹಲ್ಲಿ, ಊಸರವಳ್ಳಿಗಳಿಗೆ ಅದಿಲ್ಲ. ಒಳಗೆ ಸೇರಿದ್ದು ಒಳಗೇ ಕೂರುತ್ತೆ. ಮೂತಿ ಮೇಲೆತ್ತೋದು ಉಸಿರಿನ ದಾರಿ ಸ್ವಲ್ಪ ಬಿಡಿಸಿಕೊಳ್ಳೋಕೆ.

ಹಾಗಂತ ತೇವವೇ ಶತ್ರು ಅಂದ್ಕೋಬೇಡಿ. ಊಸರವಳ್ಳಿಗೆ ಬಟ್ಟಲಲ್ಲಿ ನಿಂತ ನೀರು ಸಾಮಾನ್ಯವಾಗಿ ನೀರು ಅಂತಲೇ ಗೊತ್ತಾಗಲ್ಲ. ಎಲೆ ಮೇಲಿನ ಇಬ್ಬನಿ, ಮಳೆ ಹನಿಯನ್ನ ನೆಕ್ಕಿ ಕುಡಿಯುತ್ತೆ. ಯೆಮನ್ ಅಂದ್ರೆ ಬರೀ ಮರಳುಗಾಡು ಅಂದ್ಕೊಂಡಿದ್ದೆ. ಆದ್ರೆ ಇದು ಇರೋ ಬೆಟ್ಟದ ಕಡೆ ರಾತ್ರಿ ಮಂಜು ಇಳಿಯುತ್ತೆ, ಬೆಳಿಗ್ಗೆ ಬಿಸಿಲು ಬಂದು ಎಲ್ಲ ಒಣಗುತ್ತೆ. ತಂಪಾದ ತೇವದ ರಾತ್ರಿ, ಬೆಚ್ಚಗಿನ ಒಣ ಹಗಲು. ಅದರ ಮೈ ಈ ತಾಳಕ್ಕೇ ಹೊಂದಿಕೊಂಡಿದೆ.

ಬಿಕಾಂನವರ ಭಾಷೆಯಲ್ಲಿ ಹೇಳೋದಾದ್ರೆ, ರಾತ್ರಿ ಜಮಾ, ಹಗಲು ಖರ್ಚು, ಸಂಜೆಗೆ ಲೆಕ್ಕ ಸರಿ ಹೋಗಬೇಕು. ಆ ಗಾಜಿನ ಪೆಟ್ಟಿಗೆಯಲ್ಲಿ ಬರೀ ಜಮಾ, ಖರ್ಚಿನ ಕಾಲಂ ಖಾಲಿ. ಬಿಸಿ, ಒದ್ದೆ, ನಿಂತ ಗಾಳಿ ಮೂರೂ ಒಟ್ಟಿಗೆ ಸೇರಿದ್ರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾಗೆ ಹಬ್ಬ.

ದೊಡ್ಡಮ್ಮ ಇದನ್ನ ಒಂದೇ ಮಾತಲ್ಲಿ ಮುಗಿಸಿದ್ರು: "ಗಾಳಿ ಆಡ್ದಿದ್ರೆ ಬೇಯ್ಸಿದ ಅಡ್ಕೆನೇ ಮುಗ್ಗತ್ತೆ. ಇದು ಜೀವ ಕಣಾ." ಅಡಿಕೆಯನ್ನ ಸಂದಿ ಇರೋ ತಟ್ಟಿ ಮೇಲೆ ತೆಳ್ಳಗೆ ಹರಡೋದು ಯಾಕೆ ಅಂತ ನಮ್ಮೂರಲ್ಲಿ ಯಾರಿಗೂ ಪಾಠ ಮಾಡಬೇಕಾಗಿಲ್ಲ. ಬಿಸಿಲು ಮೇಲಿಂದ ಬಿದ್ರೆ ಸಾಲದು, ಕೆಳಗಿಂದ ಗಾಳಿಯೂ ಬರಬೇಕು.

ಭಾಗ 4/6

ಅಣ್ಣ ಬೆಂಗಳೂರಲ್ಲಿದ್ದ ನಾಲ್ಕು ದಿನದಲ್ಲಿ ನಾನು, ದೊಡ್ಡಮ್ಮ, ಪಕ್ಕದ ಬೀದಿಯ ಬಡಗಿ ಸೇರಿ ಹೊಸ ಮನೆ ಕಟ್ಟಿದ್ವಿ. ಯಾರಾದ್ರೂ ನೋಂದಣಿ ಆಗಿರೋ ಕಮೀಲಿಯನ್ ಸಾಕ್ತಾ ಇದ್ರೆ ಇದನ್ನ ಗಮನಿಸಿ.

ಅಳತೆ: ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಇದು ಮರ ಹತ್ತೋ ಪ್ರಾಣಿ, ಅದಕ್ಕೆ ಎತ್ತರವೇ ಮುಖ್ಯ.

ಗೋಡೆ: ಮರದ ಚೌಕಟ್ಟು, ಮೂರು ಕಡೆ ಮತ್ತು ಮೇಲೆ ಅಲ್ಯೂಮಿನಿಯಂ ಜಾಲರಿ, ಹಿಂದೆ ಮಾತ್ರ ಶೀಟ್. ಸೊಳ್ಳೆ ಪರದೆಯ ನೂಲಿನ ಜಾಲರಿ ಬೇಡ, ಊಟಕ್ಕೆ ಬಿಟ್ಟ ಮಿಡತೆಗಳೇ ಅದನ್ನ ಕಡಿದು ಹೊರಗೆ ಬರ್ತವೆ. ಗಮನಿಸಿ, ಇದು ಮಲೆನಾಡಿನ ಲೆಕ್ಕ. ತುಂಬಾ ಒಣ ಊರಲ್ಲಿ ಪೂರ್ತಿ ಜಾಲರಿ ಹಾಕಿದ್ರೆ ತೇವ ನಿಲ್ಲೋದೇ ಇಲ್ಲ. ಅಲ್ಲಿ ಎರಡು ಕಡೆ ಮುಚ್ಚಬೇಕಾಗುತ್ತೆ. ಒಂದೇ ಪೆಟ್ಟಿಗೆ ಎಲ್ಲ ಊರಿಗೂ ಆಗಲ್ಲ.

ಗಾಳಿಯ ದಾರಿ: ಬಲ್ಬ್ ಮೇಲ್ಗಡೆ, ಜಾಲರಿಯ ಹೊರಗೆ. ಬಲ್ಬ್ ಬಿಸಿಗೆ ಗಾಳಿ ಹಗುರಾಗಿ ಮೇಲಕ್ಕೆ ಹೋಗುತ್ತೆ, ಅದರ ಜಾಗಕ್ಕೆ ಕೆಳಗಿಂದ ಹೊಸ ಗಾಳಿ ಬರುತ್ತೆ. ಹಂಚಿನ ಮನೆಯ ಹೊಗೆಗೂಡು ಕೆಲಸ ಮಾಡೋದು ಹೀಗೇ. ಫ್ಯಾನ್ ಇಲ್ಲದೆ ನಡೆಯೋ ವ್ಯವಸ್ಥೆ ಇದು.

ನೆಲ: ನಾರಿನ ಪುಡಿ ಇಲ್ಲ, ಮಣ್ಣಿಲ್ಲ. ತೂತು ಮಾಡಿದ ಹಲಗೆ, ಅದರ ಕೆಳಗೆ ಟ್ರೇ. ನೀರು ಬೀಳಬಹುದು, ನಿಲ್ಲಬಾರದು.

ಗಿಡ: ಕುಂಡದಲ್ಲಿ ದಾಸವಾಳ, ಮನಿ ಪ್ಲಾಂಟ್, ಅಡ್ಡಡ್ಡ ಪೇರಲೆ ಕೊಂಬೆ. ಎಲೆ ಹನಿ ಹಿಡಿಯುತ್ತೆ, ಬಚ್ಚಿಟ್ಟುಕೊಳ್ಳೋಕೂ ಆಗುತ್ತೆ.

ಪರೀಕ್ಷೆ: ಪ್ರಾಣಿ ಇಲ್ಲದಾಗ ಕೆಳಗೆ ಊದುಬತ್ತಿ ಹಿಡಿದ್ವಿ. ಹೊಸ ಮನೆಯಲ್ಲಿ ಹೊಗೆ ನಿಧಾನಕ್ಕೆ ಮೇಲೆ ಹೋಗಿ ಬಲ್ಬ್ ಪಕ್ಕ ಹೊರಗೆ ಹೋಯ್ತು. ಹಳೇ ಗಾಜಿನ ಪೆಟ್ಟಿಗೆಯಲ್ಲೂ ಮಾಡಿ ನೋಡಿದ್ವಿ. ಹೊಗೆ ಸುತ್ತಿ ಸುತ್ತಿ ಅಲ್ಲೇ ಕೂತಿತು. ಅದರ ವಿಡಿಯೋ ಎರಡನೇ ಸ್ಲೈಡಲ್ಲಿದೆ. ಇಷ್ಟುದ್ದ ಬರೆದಿದ್ದಕ್ಕಿಂತ ಅದೇ ಚೆನ್ನಾಗಿ ಹೇಳುತ್ತೆ.

ಜಾಗ: ಬಚ್ಚಲೊಲೆ ಮೇಲಿನ ಅಟ್ಟ ಒಣಗಿರುತ್ತೆ ಅಂತ ಯಾರೋ ಸಲಹೆ ಕೊಟ್ರು. ಒಣಗಿರುತ್ತೆ ನಿಜ, ಆದ್ರೆ ಕಾಯಿಲೆ ಬಿದ್ದ ಶ್ವಾಸಕೋಶಕ್ಕೆ ಸೌದೆ ಹೊಗೆ? ಕಿಟಕಿ ಇರೋ ಮುಂಗೋಣೆಗೆ ಇಟ್ವಿ. ಟೇಬಲ್ ಫ್ಯಾನ್ ಗೋಡೆ ಕಡೆ ತಿರುಗಿಸಿಟ್ವಿ, ರೂಮಿನ ಗಾಳಿ ಅಲ್ಲಾಡಲಿ ಅಂತ ಮಾತ್ರ. ಪ್ರಾಣಿ ಮೇಲೆ ನೇರವಾಗಿ ಬಿಡಬಾರದು.

ಭಾಗ 5/6

ಇನ್ನು ದಿನಚರಿ. ಎರಡು ಡಿಜಿಟಲ್ ಹೈಗ್ರೋಮೀಟರ್ ತಂದ್ವಿ, ಒಂದು ಮೇಲೆ, ಒಂದು ಕೆಳಗೆ. ಅದು ತೋರಿಸೋ ಶೇಕಡಾವನ್ನ ಹೀಗೆ ಓದಿ: ಈಗಿರೋ ಬಿಸಿಗೆ ಗಾಳಿ ಎಷ್ಟು ನೀರು ಹಿಡಿದುಕೊಳ್ಳಬಲ್ಲದೋ ಅದರಲ್ಲಿ ಎಷ್ಟು ಪಾಲು ಈಗ ಇದೆ ಅಂತ. ಬಿಸಿ ಗಾಳಿ ಹೆಚ್ಚು ನೀರು ಹಿಡಿಯುತ್ತೆ, ತಣ್ಣನೆಯದು ಕಡಿಮೆ. ಹಾಗಾಗಿ ಒಂದು ಹನಿ ನೀರೂ ಸಿಂಪಡಿಸದೆ ಬರೀ ಬಲ್ಬ್ ಆರಿಸಿದ್ರೆ ಮೀಟರ್ ಏರುತ್ತೆ, ಹಾಕಿದ್ರೆ ಇಳಿಯುತ್ತೆ.

ಇದು ಗೊತ್ತಾದ ಮೇಲೆ ಮಳೆಗಾಲದಲ್ಲಿ ಹ್ಯೂಮಿಡಿಫೈಯರ್ ಪೆಟ್ಟಿಗೆಗೆ ಹೋಯ್ತು. ರಾತ್ರಿಯ ತೇವ ಸೊರಬವೇ ಪುಕ್ಕಟೆ ಕೊಡುತ್ತೆ. ನಾವು ಮಾಡಬೇಕಾಗಿದ್ದು ಹಗಲನ್ನ ಒಣಗಿಸೋದು ಮಾತ್ರ. ಬೆಳಿಗ್ಗೆ ಬಲ್ಬ್ ಹಾಕೋ ಮುಂಚೆ ಎರಡು ನಿಮಿಷ ಎಲೆ ಮೇಲೆ ನೀರು ಸಿಂಪಡಿಸೋದು, ಅದು ಕುಡಿಯೋಕೆ. ಆಮೇಲೆ ಬಲ್ಬ್. ಒಂದೆರಡು ಗಂಟೆಯಲ್ಲಿ ಎಲೆ ಪೂರ್ತಿ ಒಣಗಬೇಕು. ಒಣಗದಿದ್ರೆ ಮತ್ತೆ ಸಿಂಪಡಿಸೋ ಹಾಗಿಲ್ಲ, ಗಾಳಿ ಎಲ್ಲಿ ಕಟ್ಟಿದೆ ನೋಡಬೇಕು. ಈ ಜಾತಿಗೆ ಹಗಲು ಶೇಕಡಾ 30ರಿಂದ 50 ಸಾಕು. ಜುಲೈನಲ್ಲಿ ನಮಗೆ ಅಷ್ಟು ಇಳಿಸೋಕೆ ಆಗಲಿಲ್ಲ. ಬಲ್ಬ್ ಹತ್ತಿರ 60ರ ಆಸುಪಾಸು ಬಂದ್ರೆ ದೊಡ್ಡ ವಿಷಯ. ಆದ್ರೂ ಗಾಳಿ ಆಡ್ತಾ ಇದ್ದಿದ್ದರಿಂದ ಹನಿ ಕೂರಲಿಲ್ಲ, ವಾಸನೆ ಬರಲಿಲ್ಲ. ಮೀಟರ್ ನಂಬರಿಗಿಂತ ಎಲೆ ಒಣಗೋ ಹೊತ್ತನ್ನೇ ನಾವು ಹೆಚ್ಚು ನಂಬಿದ್ವಿ.

ಗಾಳಿಮಳೆಗೆ ಕರೆಂಟ್ ಹೋದ್ರೆ? ಹೋಗೇ ಹೋಗುತ್ತೆ. ಆಗ ಸಿಂಪಡಿಸೋದು ಬಂದ್, ಕಿಟಕಿ ಸ್ವಲ್ಪ ತೆರೆಯೋದು, ಅಷ್ಟೇ.

ವಾಪಸ್ ಬಂದಾಗ ಅದರ ತೂಕ 118 ಗ್ರಾಂ. ಅಡುಗೆ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ ಪುಸ್ತಕದಲ್ಲಿ ಬರೆದಿಟ್ವಿ. ಮೊದಲ ವಾರ ಇನ್ನೂ ಇಳೀತು. ದೊಡ್ಡಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ, ಬೆಳಿಗ್ಗೆ ಎದ್ದ ತಕ್ಷಣ ಅದರ ಮುಂದೆ ಹೋಗಿ ನಿಲ್ತಿದ್ರು. ಮೂರನೇ ವಾರಕ್ಕೆ ಬಾಯಿ ಮುಚ್ಚಿ ಉಸಿರಾಡ್ತು. ಆಗಸ್ಟ್ ಕೊನೆಗೆ 134. ನಾಲಿಗೆ ಮತ್ತೆ ಬಾಣದ ಹಾಗೆ ಹೊರಗೆ ಬಂತು.

ಭಾಗ 6/6

ಈಗ ಬೇಲಿಯ ಪ್ರಶ್ನೆ. ಇಷ್ಟೆಲ್ಲ ಮರ, ಜಾಲರಿ, ಬಲ್ಬ್, ಮೀಟರ್, ಊದುಬತ್ತಿ ಸೇರಿಸಿ ನಾವು ಮಾಡಿದ್ದೇನು? ರಾತ್ರಿ ಇಬ್ಬನಿ, ಬೆಳಿಗ್ಗೆ ಬಿಸಿಲು, ಸುತ್ತ ಗಾಳಿ. ಶಿಕಾರಿಪುರದ ಜೋಳದ ಹೊಲದ ಬದುವಿನ ಲಕ್ಕಿ ಗಿಡ ಇದನ್ನೇ ದಿನಾ ಖರ್ಚಿಲ್ಲದೆ ಮಾಡುತ್ತೆ. ಮಳೆ ಸುರಿದರೂ ಗಾಳಿ ಬಂದು ಒಣಗಿಸುತ್ತೆ. ಅಲ್ಲಿರೋ ಊಸರವಳ್ಳಿಗೆ ಬೇಕಾದ ಮನೆ ಆಗಲೇ ಇದೆ. ಅದನ್ನ ತಂದು ರಟ್ಟಿನ ಡಬ್ಬಕ್ಕೋ ಅಕ್ವೇರಿಯಂಗೋ ಹಾಕಿದ್ರೆ, ಇದ್ದ ಮನೆ ಕಿತ್ತು ಕೆಟ್ಟ ಮನೆ ಕೊಟ್ಟ ಹಾಗೆ.

ಕಾನೂನು ಹೀಗಿದೆ. ನಮ್ಮ ದೇಶದ ಊಸರವಳ್ಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯೋದು, ಸಾಕೋದು, ಮಾರೋದು, ಕೊಲ್ಲೋದು ಎಲ್ಲ ಅಪರಾಧ. ಹೊರದೇಶದ ಜಾತಿಗಳಿಗೂ 2022ರ ತಿದ್ದುಪಡಿ, ಅದರಡಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಬೇಕು. "ಪೇಪರ್ ಎಲ್ಲ ಆಮೇಲೆ ಮಾಡ್ಕೊಳ್ಳಿ" ಅನ್ನೋ ಮಾರಾಟಗಾರ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಹೆದರೋದೂ ಬೇಡ. ಇದಕ್ಕೆ ವಿಷ ಇಲ್ಲ. ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ವೇಷ ಹಾಕೋದಲ್ಲ ಅದರ ಕೆಲಸ. ಬಿಸಿ, ಬೆಳಕು, ಸಿಟ್ಟು, ಭಯಕ್ಕೆ ತಕ್ಕ ಹಾಗೆ ಬಣ್ಣ ಬದಲಾಗುತ್ತೆ. ಹೆಣ್ಣು ಮೊಟ್ಟೆ ಇಡೋಕೆ ಗಿಡ ಇಳಿದು ಮಣ್ಣು ತೋಡುತ್ತೆ, ಆಗಲೇ ರಸ್ತೆ ದಾಟೋದು, ಅದೂ ತೂಗಾಡ್ತಾ, ಒಂದೊಂದೇ ಹೆಜ್ಜೆ. ಶಿರಾಳಕೊಪ್ಪ ರಸ್ತೆಯಲ್ಲಿ ಗಾಡಿ ಓಡಿಸೋವಾಗ ಕಂಡರೆ ನಿಲ್ಲಿಸಿ. ಒಂದು ಕಡ್ಡಿ ಮುಂದೆ ಹಿಡೀರಿ, ಅದಾಗೇ ಹತ್ತಿಕೊಳ್ಳುತ್ತೆ. ಅದು ಹೊರಟಿದ್ದ ಕಡೆಗೇ ದಾಟಿಸಿ ಪೊದೆಗೆ ಬಿಡಿ. ಹಿಂದಕ್ಕೆ ಬಿಟ್ಟರೆ ಮತ್ತೆ ಅದೇ ರಸ್ತೆಗೆ ಇಳಿಯುತ್ತೆ.

ಫೋಟೋ ತೆಗೀರಿ, ಟ್ಯಾಗ್ ಮಾಡಿ. ಎಲ್ಲಿ ಸಿಕ್ತು ಅನ್ನೋ ಲೊಕೇಶನ್ ಮಾತ್ರ ಹಾಕಬೇಡಿ. ಹಿಡಿಯೋರೂ ಇನ್‌ಸ್ಟಾ ನೋಡ್ತಾರೆ.

#ಊಸರವಳ್ಳಿ #ಗೋಸುಂಬೆ #ಸೊರಬ #ಶಿಕಾರಿಪುರ #ಮಳೆಗಾಲ #ಬೇಲಿಯಲ್ಲೇಇರಲಿ