ಏರಿಯ ಕೆಳಗಣ ನೆಲ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೊರಟವರ ಕಣ್ಣಿಗೆ ಗುಬ್ಬಿ ದಾಟಿದ ಮೇಲೆ ತೆಂಗಿನ ನಾಡು ತೆರೆದುಕೊಳ್ಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಈ ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವುದು ವಾಡಿಕೆ. ಇಲ್ಲಿಯ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತದ ಊರುಗಳಿಗೂ ಹೋಗುತ್ತದೆ. ಈ ಹಸುರಿನ ನಡುವೆ ಇರುವ ಊರುಗಳಲ್ಲಿ ಬಿಳಿಗೆರೆಯೂ ಒಂದು. ಅದರ ಹೆಸರಿನಲ್ಲಿಯೇ ಕೆರೆಯಿದೆ. ಈ ಸೀಮೆಯ ಎಷ್ಟೋ ಊರುಗಳ ಹೆಸರುಗಳು ಹೀಗೆಯೇ; ಇಲ್ಲಿ ಊರೆಂದರೆ ಕೆರೆ, ಕೆರೆಯೆಂದರೆ ಬದುಕು.

ಹೊರಗಿನಿಂದ ಬಂದವರು ಕೆರೆಯ ಏರಿಯ ಮೇಲೆ ನಿಂತು, ತುಂಬಿದ ನೀರನ್ನೂ ಅದರಾಚೆಯ ತೋಟಗಳನ್ನೂ ನೋಡಿ ಸಂತೋಷಪಟ್ಟು ಹಿಂದಿರುಗುತ್ತಾರೆ. ಕಾಲ ಕೆಳಗಿನ ಮಣ್ಣನ್ನು ನೋಡುವವರು ವಿರಳ. ಈ ನಾಡಿನ ಕಥೆ ಬರೆದಿರುವುದಾದರೋ ಆ ಮಣ್ಣಿನಲ್ಲಿಯೇ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು. ಮಲೆನಾಡಿನವರಿಗೆ ಇದು ಕೆಲವೇ ವಾರಗಳ ಮಳೆ. ಇಂಥ ಒಣ ಸೀಮೆಯಲ್ಲಿ ನೀರು ಹೆಚ್ಚಾಗಿ ಕೆಡುವ ನೆಲವೂ ಉಂಟೆ ಎಂದು ವಾಚಕರು ಕೇಳಬಹುದು. ಉಂಟು. ಈ ಸೀಮೆಯು ಎರಡು ದೊಡ್ಡ ನದಿಗಳ ನಡುವಣ ದಿಣ್ಣೆ. ತುರುವೇಕೆರೆಯ ಕಡೆಯ ಹಳ್ಳಗಳು ಶಿಂಷಾ ನದಿಯನ್ನು ಸೇರಿ ಕಾವೇರಿಗೆ ಹೋಗುತ್ತವೆ. ಚಿಕ್ಕನಾಯಕನಹಳ್ಳಿಯ ಸುವರ್ಣಮುಖಿಯ ನೀರು ವೇದಾವತಿಯ ಮೂಲಕ ಕೃಷ್ಣೆಯ ಪಾಲು. ನೆಲದ ಇಳಿಜಾರು ಕಡಿಮೆ, ಕಣಿವೆಗಳು ಅಗಲ, ಹಳ್ಳಗಳ ನಡಿಗೆ ನಿಧಾನ. ಹಿಂದಿನವರು ಇಂಥ ಹಳ್ಳಗಳಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ, ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವಂತೆ ಕೆರೆಗಳ ಸರಪಳಿಯನ್ನೇ ನಿರ್ಮಿಸಿದರು. ಏರಿಯಿಂದ ಜಿನುಗಿದ ನೀರು, ತೂಬಿನಿಂದ ಬಂದ ನೀರು, ಹಳ್ಳ ಉಕ್ಕಿದಾಗ ಹರಡಿದ ನೀರು, ಎಲ್ಲವೂ ಸೇರುವುದು ಏರಿಯ ಕೆಳಗಣ ತಗ್ಗಿನಲ್ಲಿ. ಮೇಲಿನ ಬೆದ್ದಲುಗಳಿಂದ ಮಳೆ ತೊಳೆದು ತಂದ ನುಣ್ಣನೆಯ ಜೇಡಿಯೂ ಅಲ್ಲಿಯೇ ತಂಗುತ್ತದೆ. ಜೇಡಿಯ ರಂಧ್ರಗಳು ಅತಿ ಸೂಕ್ಷ್ಮವಾದ್ದರಿಂದ ನೀರು ಬೇಗನೆ ಹಿಂಗುವುದಿಲ್ಲ. ರೈತರು ಇದನ್ನು ಜೌಗು ನೆಲವೆನ್ನುತ್ತಾರೆ.

ದಿಣ್ಣೆಯ ಮೇಲಿನ ಬೆದ್ದಲಿನಿಂದ ಹಳ್ಳದವರೆಗೆ ಒಂದು ಸಲ ನಡೆದುಬಂದರೆ ಮಣ್ಣಿನ ಬಣ್ಣ ಬದಲಾಗುವುದು ಕಾಣುತ್ತದೆ. ಮೇಲೆ ಇಟ್ಟಿಗೆಯಂಥ ಕೆಂಪು; ನಡುವೆ ಕಂದು; ತಗ್ಗಿನಲ್ಲಿ ಬೂದಿ ಬೆರೆತ ಕಪ್ಪು. ಸೋಜಿಗವೆಂದರೆ ಮೇಲಿನ ಕೆಂಪಿಗೂ ಕೆಳಗಿನ ಬೂದಿಗೂ ಕಾರಣ ಒಂದೇ ಕಬ್ಬಿಣ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ತುಕ್ಕಿನ ಬಣ್ಣ ತಳೆಯುತ್ತದೆ. ನೀರು ನಿಂತ ಮಣ್ಣಿಗೆ ಆ ಭಾಗ್ಯವಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನೊಳಗಣ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನು ಒಂದೆರಡು ದಿನಗಳಲ್ಲಿ ಮುಗಿಸಿ, ಆಮೇಲೆ ನೈಟ್ರೇಟಿಗೆ ಕೈಹಾಕುತ್ತವೆ. ರೈತನು ಹಣ ಕೊಟ್ಟು ತಂದ ಸಾರಜನಕದಲ್ಲಿ ಒಂದು ಪಾಲು ಹೀಗೆ ಗಾಳಿಯ ಪಾಲಾಗುತ್ತದೆ. ಬಳಿಕ ಕಬ್ಬಿಣದ ಸರದಿ: ಅದು ತನ್ನ ಕೆಂಪನ್ನು ಕಳೆದುಕೊಂಡು ನೀರಿನಲ್ಲಿ ಕರಗಿ ಮಣ್ಣನ್ನು ಬೂದಿ ಬಣ್ಣಕ್ಕೆ ಬಿಡುತ್ತದೆ. ಕೊನೆಗೆ ಗಂಧಕದ ಸರದಿ ಬಂದಾಗ ಕೊಳೆತ ಮೊಟ್ಟೆಯ ನಾತವೇಳುತ್ತದೆ.

ನೀರು ಇಳಿದಾಗ ಬೇರು ಹೋದ ದಾರಿಯಲ್ಲಿ, ಬಿರುಕುಗಳಲ್ಲಿ ಗಾಳಿ ನುಸುಳುತ್ತದೆ. ಅಲ್ಲಿಯ ಕಬ್ಬಿಣ ಮತ್ತೆ ತುಕ್ಕುಗಟ್ಟಿ ಬೂದಿಯ ನಡುವೆ ಕಿತ್ತಳೆ ಚುಕ್ಕೆಗಳು ಮೂಡುತ್ತವೆ. ಒಂದು ಗುಂಡಿ ತೋಡಿ ಈ ಚುಕ್ಕೆಗಳು ಎಷ್ಟು ಆಳದಲ್ಲಿವೆ ಎಂದು ನೋಡಿದರೆ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತಿತ್ತೆಂಬುದನ್ನು ಬೇಸಿಗೆಯಲ್ಲಿಯೂ ಹೇಳಬಹುದು. ಊರು ಮರೆತದ್ದನ್ನು ಮಣ್ಣು ಮರೆಯುವುದಿಲ್ಲ.

ಹಾಗೆಂದು ಇದನ್ನು ಕೆಟ್ಟ ನೆಲವೆಂದು ಜರೆಯಬಾರದು. ಇದರ ಸ್ವಭಾವವನ್ನು ಅರಿತೇ ಹಿರಿಯರು ಬೆಳೆಗಳನ್ನು ಹಂಚಿದ್ದರು. ದಿಣ್ಣೆಗೆ ರಾಗಿ, ಹುರುಳಿ. ನಡುವಣ ನೆಲಕ್ಕೆ ತೆಂಗು. ತಗ್ಗಿನ ತರಿಗೆ ಭತ್ತ. ಭತ್ತದ ಕಾಂಡದೊಳಗೆ ಗಾಳಿಯ ಕೊಳವೆಗಳಿವೆ. ಎಲೆ ಹೀರಿದ ಗಾಳಿಯನ್ನು ಅವು ಬೇರಿಗೆ ಇಳಿಸುತ್ತವೆ. ಕಿತ್ತ ಭತ್ತದ ಬೇರಿನ ಮೇಲೆ ಕಾಣುವ ಕೆಂಪು ಲೇಪವು ಅದರದೇ ಗುರುತು. ತೆಂಗಿಗೆ ಅಷ್ಟು ಸೌಕರ್ಯವಿಲ್ಲ. ಅದಕ್ಕೆ ತಾಯಿಬೇರಿಲ್ಲ, ಬುಡದಿಂದ ಹೊರಟ ಸಾವಿರಾರು ಬೇರುಗಳು ಬಹುಮಟ್ಟಿಗೆ ಮೇಲಿನ ಒಂದೂವರೆ ಮೀಟರಿನೊಳಗೇ ಹರಡಿಕೊಂಡಿರುತ್ತವೆ. ಅವುಗಳ ಸುತ್ತ ನೀರು ವಾರಗಟ್ಟಲೆ ಕದಲದೆ ನಿಂತರೆ ಉಸಿರು ಕಟ್ಟುತ್ತದೆ. ಗರಿಗಳು ಹಳದಿಯಾಗುತ್ತವೆ, ಹರಳು ಉದುರುತ್ತದೆ, ಗೊನೆ ಸಣ್ಣದಾಗುತ್ತದೆ. ಬುಡದಲ್ಲಿ ಕಂದು ಅಂಟು ಸುರಿಸುವ ಅಣಬೆ ರೋಗಕ್ಕೂ ಮಳೆಗಾಲದಲ್ಲಿ ಬಹುಕಾಲ ನಿಂತ ನೀರು ಅನುಕೂಲ ಮಾಡಿಕೊಡುತ್ತದೆ.

ತೆಂಗು ಕಡಲ ದಂಡೆಯಲ್ಲಿ ಬೆಳೆಯುವುದಿಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಅಲ್ಲಿ ನೀರು ನಿಲ್ಲುವುದಿಲ್ಲ, ಮರಳಿನಲ್ಲಿ ಹೋಗಿಬರುತ್ತಿರುತ್ತದೆ. ಕೇರಳದ ಕುಟ್ಟನಾಡಿನಲ್ಲಿಯೂ ತೆಂಗು ನಿಂತಿರುವುದು ಕೆಸರು ಎತ್ತಿ ಕಟ್ಟಿದ ದಿಬ್ಬಗಳ ಮೇಲೆ. ಭತ್ತವಿರುವುದು ಕೆಳಗಿನ ಗದ್ದೆಯಲ್ಲಿ.

ನಮ್ಮ ಸೀಮೆಯಲ್ಲಿ ಕಳೆದ ಕೆಲವು ದಶಕಗಳಲ್ಲಿ ಆದದ್ದೇನು? ಕೆರೆಗಳು ಬರಿದಾದ ವರ್ಷಗಳು ಹೆಚ್ಚಿದವು. ಭತ್ತ ಹಿಂದೆ ಸರಿಯಿತು. ಗದ್ದೆಗಳಲ್ಲಿ ತೆಂಗು, ಅಡಿಕೆಗಳ ಸಸಿ ನೆಟ್ಟು ಕೊಳವೆಬಾವಿಯ ನೀರು ಕೊಟ್ಟರು. ಬಯಲು ಒಣಗಿದ್ದಾಗ ಬಸಿಗಾಲುವೆಗಳು ವ್ಯರ್ಥವೆನಿಸಿದವು. ಅವುಗಳಲ್ಲಿ ಜೊಂಡು ಬೆಳೆಯಿತು. ಕೆಲವನ್ನು ಮುಚ್ಚಿ ಎರಡು ಸಾಲು ಮರಗಳನ್ನು ಹೆಚ್ಚಾಗಿ ನೆಟ್ಟರು. ಕೆಲವು ದಾರಿಯ ಪಾಲಾದವು. ಆದರೆ ನೀರು ತನ್ನ ಹಳೆಯ ಹಾದಿಯನ್ನು ಬಿಟ್ಟುಕೊಡಲಿಲ್ಲ. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು. ಗೊರೂರಿನ ಹೇಮಾವತಿ ಜಲಾಶಯದ ನೀರೂ ನಾಲೆಗಳ ಮೂಲಕ ಈ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನೀರು ಬರುವುದು ಭಾಗ್ಯವೇ ಸರಿ; ಬಂದ ನೀರಿಗೆ ಹೋಗುವ ದಾರಿಯಿಲ್ಲದಿದ್ದರೆ ಭಾಗ್ಯವೇ ಭಾರವಾಗುತ್ತದೆ.

ಒಣ ಸೀಮೆಯ ಜೌಗಿಗೆ ಇನ್ನೊಂದು ಅಪಾಯವುಂಟು. ಅಂತರ್ಜಲವು ನೆಲದ ಮೇಲ್ಮೈಗೆ ಹತ್ತಿರವಾದಾಗ, ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಮಣ್ಣು ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲು ನೀರನ್ನು ಕೊಂಡುಹೋಗಿ ಉಪ್ಪನ್ನು ಮಾತ್ರ ಬಿಡುತ್ತದೆ. ಆಗ ನೆಲದ ಮೇಲೆ ಬೆಳ್ಳನೆಯ ಪುಡಿ ಮೂಡುತ್ತದೆ. ಅದೇ ಚೌಳು, ಒಂದು ಕಾಲದಲ್ಲಿ ಬಟ್ಟೆ ಒಗೆಯಲು ಬಳಸುತ್ತಿದ್ದ ಮಣ್ಣು. ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರುಗಳ ಕಡೆಯ ಎಷ್ಟೋ ಕರಿಭೂಮಿ ಹೀಗೆ ಜೌಗಾಗಿ ಚೌಳಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಹೆಚ್ಚು ನೀರು ಬೇಡುವ ಬೆಳೆಯನ್ನು ಒಂದೇ ಕಡೆ ಸದಾ ಬೆಳೆಯದೆ, ಭಾಗಗಳಾಗಿ ವಿಂಗಡಿಸಿ ಸರದಿಯಂತೆ ನೀರು ಕೊಡಬೇಕೆಂಬ ಅವರ ಬ್ಲಾಕ್ ಪದ್ಧತಿಯು ಮೊದಲು ಮುಂಬಯಿ ಪ್ರಾಂತದ ನಾಲೆಗಳಲ್ಲಿ ರೂಪುಗೊಂಡು, ಮುಂದೆ ಮಂಡ್ಯದ ಬಯಲಿಗೂ ಬಂದಿತು.

ತೋಟಗಾರನಿಗೆ ದಾರಿಯಿದೆ. ಸಾಲುಗಳ ನಡುವೆ ಸುಮಾರು ಒಂದು ಮೀಟರು ಆಳದ ಬಸಿಗಾಲುವೆ ತೆಗೆದು ಹಳ್ಳಕ್ಕೆ ಕೂಡಿಸಬೇಕು. ಹೊಸ ಸಸಿಯನ್ನು ತಗ್ಗಿನಲ್ಲಿ ಗುಂಡಿಗಿಂತ ದಿಬ್ಬದ ಮೇಲೆ ನೆಡುವುದು ಲೇಸು. ಹಸಿ ಜೇಡಿಯ ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಇದ್ದ ರಂಧ್ರವೂ ಮುಚ್ಚಿಹೋದೀತು. ಕ್ಷಾರ ಹೆಚ್ಚಿದ ಚೌಳಿಗೆ ಜಿಪ್ಸಮ್ ಹಾಕುವುದುಂಟು. ಬಸಿದುಹೋಗಲು ದಾರಿಯಿಲ್ಲದೆ ಅದರಿಂದ ಫಲವಿಲ್ಲ. ಒಬ್ಬನ ಕಾಲುವೆ ಇನ್ನೊಬ್ಬನ ಬದುವಿನಲ್ಲಿ ನಿಂತುಹೋದರೆ ಇಬ್ಬರ ತೋಟವೂ ಕೆಡುವುದರಿಂದ ಈ ಕೆಲಸ ಊರೆಲ್ಲ ಕೂಡಿ ಮಾಡತಕ್ಕದ್ದು.

ಭತ್ತ ಕೆಟ್ಟರೆ ಒಂದು ಬೆಳೆಯ ನಷ್ಟ. ಎತ್ತರ ತಳಿಯ ತೆಂಗಾದರೋ ಫಲ ಕೊಡಲು ಆರೇಳು ವರ್ಷ ತೆಗೆದುಕೊಂಡು ಅರುವತ್ತು ವರ್ಷ ಮನೆಯನ್ನು ಸಾಕುತ್ತದೆ. ಹತ್ತು ಒಣ ವರ್ಷಗಳ ಮರೆವಿಗೆ ಒಂದು ಮಳೆಗಾಲವು ಅಷ್ಟು ದೊಡ್ಡ ಬೆಲೆ ಕೇಳಬಲ್ಲದು. ಬಿಳಿಗೆರೆಯ ಕಡೆಗೆ ಹೋದ ವಾಚಕರು ಏರಿಯಿಂದ ಇಳಿದು ತೋಟದಂಚಿನ ಬಸಿಗಾಲುವೆಯನ್ನೂ ನೋಡಿ ಬರಲಿ. ಮಳೆಯ ಸುಳಿವೇ ಇಲ್ಲದ ಬೇಸಿಗೆಯಲ್ಲಿಯೂ ಅದರ ಹೂಳು ತೆಗೆದಿದ್ದರೆ, ಆ ತೋಟ ಮೊಮ್ಮಕ್ಕಳ ಕಾಲಕ್ಕೂ ಉಳಿದೀತೆಂದು ನಂಬಬಹುದು.