ಕಡಲಿಗೊಂದು ಒಗ್ಗರಣೆ

ಕುಕ್ಕುವಾಡದಲ್ಲಿ ಬೆಳೆದವರಿಗೆ ಕಡಲೆಂದರೆ ಕ್ಯಾಲೆಂಡರಿನ ಚಿತ್ರ. ನಮ್ಮ ಪಾಲಿಗೆ ಹೆಚ್ಚಿನ ನೀರೆಂದರೆ ಭದ್ರಾ ನಾಲೆಯದು; ಅಲೆಯೆಂದರೆ ಗಾಳಿಗೆ ಬಾಗುವ ಭತ್ತದ ಪೈರು; ಆಕಾಶ ಕಪ್ಪಿಟ್ಟರೆ ಮಳೆಯೋ, ಸಕ್ಕರೆ ಕಾರ್ಖಾನೆಯ ಹೊಗೆಯೋ ಎಂದು ತಲೆಯೆತ್ತಿ ನೋಡಬೇಕು. ಇಂಥ ಕಡೆಯ ಮಕ್ಕಳಿಗೆ ಅರಬ್ಬೀ ಸಮುದ್ರದ ಪಾಠ ಮಾಡುವವಳು ನಾನು. ಮಳೆಗಾಲದ ಕಡಲಿನ ಒಂದು ಒಳ್ಳೆಯ ಫೋಟೋ ತರಗತಿಯ ಗೋಡೆಯ ಮೇಲಿರಲಿ ಎಂಬುದು ನನ್ನ ಬಹಳ ದಿನದ ಆಸೆಯಾಗಿತ್ತು.

ನಮ್ಮಣ್ಣನ ಮಗ ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ಕ್ಯಾಮೆರಾಕ್ಕೆ ಬಿಡುವು. "ಬರ್ರಿ ಅತ್ತೆ, ಕಡಲನ್ನೇ ಹಿಡ್ಕಂಡು ಬರೋಣ" ಎಂದ. ಶಿವಮೊಗ್ಗ ದಾಟಿ, ಹುಲಿಕಲ್ ಘಾಟಿ ಇಳಿದು, ಕುಂದಾಪುರದ ಆಚೆಯ ಮರವಂತೆಗೆ ಹೋದೆವು. ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಕಡಲು. ನದಿ ಸದ್ದಿಲ್ಲದೆ ಮಲಗಿತ್ತು, ಕಡಲು ಮೈಮೇಲೆ ಬಂದವರಂತೆ ಕುಣಿಯುತ್ತಿತ್ತು.

ಹುಡುಗ ತಡೆಗೋಡೆಯ ಕಲ್ಲುಗಳಿಗಿಂತ ಹಿಂದೆಯೇ ನಿಂತ. ಅಲೆಗೆ ಬೆನ್ನು ತಿರುಗಿಸಬಾರದೆಂದು ನನಗೂ ತಾಕೀತು ಮಾಡಿದ. ನನ್ನ ಕೆಲಸ ಕೊಡೆ ಹಿಡಿಯುವುದು ಮತ್ತು ಗಳಿಗೆಗೊಮ್ಮೆ ಲೆನ್ಸಿನ ಮೇಲಿನ ಉಪ್ಪುನೀರು ಒರೆಸಲು ಬಟ್ಟೆ ಕೊಡುವುದು. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ತೆಗೆದರೆ ಸಿಡಿದ ಅಲೆ ಒಡೆದ ಗಾಜಿನಂತೆ ನಿಂತುಬಿಡುತ್ತದೆ. ಅರ್ಧ ಸೆಕೆಂಡು ಬಿಟ್ಟರೆ ಅದೇ ಅಲೆ ಹಿಂಜಿದ ಹತ್ತಿಯಂತಾಗುತ್ತದೆ. ಎರಡೂ ನಿಜವೇ, ಎರಡೂ ನಮ್ಮ ಕಣ್ಣಿಗೆ ಕಾಣದ ನಿಜ.

ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಕಡಲು ಬೂದಿಬಣ್ಣದ್ದು! ಒಗ್ಗರಣೆ ಕಾಣದ ಬೇಳೆಕಟ್ಟಿನ ಹಾಗೆ ಸಪ್ಪಗಿತ್ತು. ಬೆಳ್ಳಗಿನ ಆಕಾಶವನ್ನೂ ಕಪ್ಪು ನೀರನ್ನೂ ನಮ್ಮ ಕಣ್ಣು ನಿಭಾಯಿಸಿದಂತೆ ಕ್ಯಾಮೆರಾ ನಿಭಾಯಿಸಲಾರದಂತೆ. ಮೋಡವನ್ನು ಕೊಂಚ ಗಾಢ ಮಾಡಿ, ನೊರೆಗೆ ಬೆಳಕು ಕೊಟ್ಟು, ಓರೆಯಾಗಿದ್ದ ದಿಗಂತವನ್ನು ನೆಟ್ಟಗೆ ಮಾಡಿದ. ಆಗ ನಾವು ನೋಡಿದ ಕಡಲು ನಿಧಾನಕ್ಕೆ ಎದ್ದುಬಂತು.

ಇದು ಇಂದಿನ ಕಸುಬಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತ ಕೆಲವು ಕಡಲ ಚಿತ್ರಗಳಲ್ಲಿ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿದ್ದ. ಆಗಿನ ಗಾಜಿನ ತಟ್ಟೆಗಳಲ್ಲಿ ನೀರು ಸರಿಯಾಗಿ ಮೂಡುವಷ್ಟು ಬೆಳಕು ಬಿಟ್ಟರೆ ಆಕಾಶ ಬರೀ ಬಿಳಿಯಾಗಿಬಿಡುತ್ತಿತ್ತು. ಆದ್ದರಿಂದ ಒಗ್ಗರಣೆಗೆ ನನ್ನ ತಕರಾರಿಲ್ಲ.

ತಕರಾರು ಹುಟ್ಟಿದ್ದು ಆಮೇಲೆ. 2020ರಿಂದ ಫೋಟೋಶಾಪಿನಲ್ಲಿ ಆಕಾಶವನ್ನೇ ಬದಲಿಸುವ ಅನುಕೂಲವಿದೆ. ಹುಡುಗ ಗುಂಡಿ ಒತ್ತಿದ. ಎಲ್ಲಿಯದೋ ಸಿಡಿಲು ಮರವಂತೆಯ ಮೇಲೆ ಬಂದು ಕೂತಿತು. ಇನ್ನೊಂದು ಗುಂಡಿ ಒತ್ತಿದ. ಚಿತ್ರದ ಮೂಲೆಯಲ್ಲಿ ನಮಗೆ ಬೆನ್ನಾಗಿ ನಿಂತಿದ್ದ ಹೆಂಗಸು ಮಾಯವಾದಳು. "ಈಗ ಹೆಂಗೈತಿ ನೋಡ್ರಿ ಅತ್ತೆ!"

ಆ ಹೆಂಗಸನ್ನು ನಾನು ಮಾತಾಡಿಸಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನಿಗಿಳಿಯುವಂತಿಲ್ಲ. ನಾಡದೋಣಿಗಳೂ ಕಡಲು ಒಪ್ಪಿದ ದಿನವೇ ಹೊರಡಬೇಕು. ದಡಕ್ಕೆಳೆದಿಟ್ಟ ತಮ್ಮ ದೋಣಿಯ ತನಕ ನೀರು ಬಂದೀತೇ ಎಂದು ನೋಡಲು ಆಕೆ ಬಂದಿದ್ದಳು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಗುಜರಾತಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳನ್ನು ಬಡಿದು, ಮನೆ, ರಸ್ತೆ, ದೋಣಿಗಳನ್ನು ಹಾಳು ಮಾಡಿತ್ತಲ್ಲ, ಅದರ ಭಯ ಆಕೆಗಿನ್ನೂ ಇತ್ತು. ನಮಗೆ ರಮ್ಯವಾಗಿದ್ದ ಅಲೆಗಳನ್ನು ಆಕೆ ಒಂದೊಂದಾಗಿ ಎಣಿಸುತ್ತಿದ್ದಳು.

"ಆಕೇನ್ನ ವಾಪಸ್ ತಾರಪ್ಪ" ಎಂದೆ.

"ಆಕಿ ಇದ್ರೆ ಕಡಲಿನ ಗತ್ತು ಕಡಿಮೆ ಆಗ್ತೈತಿ ಅತ್ತೆ. ನೋಡೋರ ಕಣ್ಣು ಅಲ್ಲಿಗೇ ಹೋಗ್ತೈತಿ."

"ಹೋಗಲಿ. ಆಕೆ ಇಲ್ಲದಿದ್ದರೆ ಅಲೆ ಎಷ್ಟೆತ್ತರ ಅಂತ ನನ್ನ ಮಕ್ಕಳಿಗೆ ಹೆಂಗೆ ಗೊತ್ತಾಗಬೇಕು?"

ಹುಡುಗ ಸುಮ್ಮನಾದ. ಅವನ ಕಸುಬಿನ ಭಾಷೆಯಲ್ಲೇ ಹೇಳಿದೆನೆಂದು ಕಾಣುತ್ತದೆ. ಅಳತೆಗೆ ಆಧಾರವಿಲ್ಲದ ಅಲೆ, ಬಚ್ಚಲಿನದೋ ಕಡಲಿನದೋ ಎಂದು ಹೇಳುವುದು ಹೇಗೆ? ಛಾಯಾಚಿತ್ರ ಸ್ಪರ್ಧೆಗಳ ನಿಸರ್ಗ ಮತ್ತು ಪತ್ರಿಕಾ ವಿಭಾಗಗಳಲ್ಲಿ ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ ಎಂದು ಅವನೇ ಹೇಳಿದ. ಕಲಾಚಿತ್ರವೆಂದು ಕರೆದರೆ ಅಡ್ಡಿಯಿಲ್ಲವಂತೆ. ಅದು ನನಗೂ ಒಪ್ಪಿಗೆಯೇ. ಕಲ್ಪನೆಯನ್ನು ಕಲ್ಪನೆಯೆಂದು ಹೇಳಿ ಬಡಿಸಿದರೆ ಉಣ್ಣುವವರಿಗೂ ಗೊತ್ತಿರುತ್ತದೆ. ಒಗ್ಗರಣೆಯಿಂದ ಸಾರಿನ ಘಮ ಹೆಚ್ಚಬೇಕೇ ಹೊರತು, ಪಾತ್ರೆಯೊಳಗಿನ ಬೇಳೆಯೇ ಇಲ್ಲವಾಗಬಾರದು.

ಹುಡುಗ ಎರಡನ್ನೂ ಉಳಿಸಿಕೊಂಡಿದ್ದಾನೆ. ಸಿಡಿಲಿನದು ಅವನ ಸ್ಟುಡಿಯೋದಲ್ಲಿದೆ. ನೋಡಿದವರು ಆಹಾ ಎನ್ನುತ್ತಾರೆ. ಹೆಂಗಸಿರುವುದು ನನ್ನ ತರಗತಿಯಲ್ಲಿದೆ. ಮಕ್ಕಳು ಆಕೆಯ ಎತ್ತರದಿಂದ ಅಲೆಯನ್ನು ಅಳೆಯುತ್ತಾರೆ. ಈಗ ಮಳೆಗಾಲ ಬಂತೆಂದರೆ ಮೊಬೈಲಿನಲ್ಲಿ ಕಪ್ಪು ಮೋಡದ, ಬೆಳ್ಳಿ ನೊರೆಯ ಕಡಲುಗಳು ದಿನಕ್ಕೆ ಹತ್ತು ಬರುತ್ತವೆ. ನಾನೂ ಮೆಚ್ಚುತ್ತೇನೆ. ಮೆಚ್ಚಿದ ಮೇಲೆ ಕಳಿಸಿದವರನ್ನು ಒಂದು ಮಾತು ಕೇಳುತ್ತೇನೆ: ಮೋಡ ಚೆನ್ನಾಗಿ ಬಂದಿದೆ, ಆ ದಿನ ದಡದಲ್ಲಿ ಯಾರಿದ್ದರು?