ಬೇಕಿದ್ದದ್ದು 96, ಸಿಕ್ಕಿದ್ದು 88

2024ರ ಅಕ್ಟೋಬರ್. ಜಕ್ಕಲಿ ಊರಿನ ಎರಿ ಹೊಲಗಳು ಹಿಂಗಾರಿನ ಕಡಲೆ ಬಿತ್ತಗಿಗೆ ಹದವಾಗಿ ಕಾದಿದ್ದವು. ರೈತ ಗೆಳೆಯರು ಕೇಳಿದ್ದು ಒಂದೇ: ಯಾವ ಹೊಲದಲ್ಲಿ ಎಷ್ಟು ತೇವ ಉಳಿದಿದೆ, ಬೆಳಗಾಗುವುದರೊಳಗೆ ಪಟ್ಟಿ ಬೇಕು. ಹಸಿ ಆರಿದ ಮೇಲೆ ಕೂರಿಗೆ ಹೂಡಿ ಪ್ರಯೋಜನವಿಲ್ಲ.

ರಾತ್ರಿ, ಆ ತೇವದ ಲೆಕ್ಕ ಹಾಕುವ ನನ್ನ ಪೈಥಾನ್ ಪ್ರೋಗ್ರಾಂ ಓಡಿಸಿದೆ. ಸೆಗ್ಮೆಂಟೇಶನ್ ಫಾಲ್ಟ್! ಅಷ್ಟೇ. ಎಲ್ಲಿ ಬಿತ್ತು, ಯಾಕೆ ಬಿತ್ತು, ಒಂದಕ್ಷರ ಇಲ್ಲ. ಪೈಥಾನ್ ತಾನು ಎಡವಿದರೆ ಕಾರಣ ಹೇಳಿ ನಿಲ್ಲುತ್ತದೆ. ಅದರ ಅಡಿಯಲ್ಲಿರುವ ಸಿ ಕೋಡ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೆ ಮಾತ್ರ ಆಪರೇಟಿಂಗ್ ಸಿಸ್ಟಂ ಇಡೀ ಪ್ರೋಗ್ರಾಮನ್ನೇ ಕೊಂದುಬಿಡುತ್ತದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಕಾಲುಭಾಗ!

ಫಾಲ್ಟ್‌ಹ್ಯಾಂಡ್ಲರ್ ಎಂಬ, ಬಿದ್ದ ಜಾಗ ತೋರಿಸುವ ಪೈಥಾನ್ ಸೌಲಭ್ಯ ಹಚ್ಚಿ ಮತ್ತೆ ಓಡಿಸಿದೆ. ಈ ಸಲ ಸಾಯುವ ಮುನ್ನ ಅದು ಸಾಲುಗಳನ್ನು ಕಾರಿತು. ಅದರಲ್ಲಿ ಕೊನೆಯ ಕರೆ ಮೊದಲ ಸಾಲಲ್ಲೇ ಇರುತ್ತದೆ. ಬೆರಳು ತೋರಿಸಿದ್ದು ಎಂದೋ ಕಂಪೈಲ್ ಮಾಡಿಟ್ಟ ತೇವಾಂಶದ ಮಾಡ್ಯೂಲ್ ಕಡೆಗೆ. ಅದನ್ನು ಬದಿಗಿಟ್ಟೆ. ಈಗ ದತ್ತಾಂಶ ನಿಭಾಯಿಸುವ ಪಾಂಡಾಸ್ ಲೈಬ್ರರಿ ಬಿತ್ತು, ಆದರೆ ಬೀಳುವಾಗ ಬಾಯಿ ಬಿಟ್ಟಿತು: ಅದರ ಅಡಿಪಾಯವಾದ ಲೆಕ್ಕದ ಲೈಬ್ರರಿ ನಂಪೈನಲ್ಲಿ ದತ್ತಾಂಶದ ಬಗೆ ಹೇಳುವ ಡಿಟೈಪ್ ಗಾತ್ರ ಬದಲಾಗಿದೆ, ಬೇಕಿದ್ದದ್ದು 96, ಸಿಕ್ಕಿದ್ದು 88.

ಮೈ ಜುಮ್ಮೆಂದಿತು. ಎಂಟೇ ಎಂಟು ಬೈಟ್!

2006ರಲ್ಲಿ 1.0 ಬಂದ ಮೇಲೆ ನಂಪೈನ ಮೊದಲ ದೊಡ್ಡ ಆವೃತ್ತಿ 2.0 ಹೊರಬಿದ್ದದ್ದು 2024ರ ಜೂನ್ 16ರಂದು. ಒಳಗಿನ ಮೆಮೊರಿ ವಿನ್ಯಾಸವೇ ಬದಲಾಯಿತು. ಮನೆಯ ಗೋಡೆ ಸರಿಸಿದ್ದು ತಿಳಿಯದೆ ಕತ್ತಲಲ್ಲಿ ಹಳೆಯ ಬಾಗಿಲಿಗೆ ನುಗ್ಗುವವನಂತೆ, 1.x ನೆಚ್ಚಿ ಕಂಪೈಲ್ ಆದ ಮಾಡ್ಯೂಲ್‌ಗಳು ಹಳೆಯ ಜಾಗಕ್ಕೇ ಕೈ ಚಾಚುತ್ತವೆ. 2.0 ಇಟ್ಟುಕೊಂಡು ಕಟ್ಟಿದ್ದು 1.xನಲ್ಲೂ ನಡೆಯುತ್ತದೆ, ತಿರುಗಾಮುರುಗಾ ನಡೆಯದು. ನನ್ನ ಪಾಂಡಾಸ್ 2.0 ಆವೃತ್ತಿಯದು. ಅದು ನಂಪೈಗೆ ಮೇಲ್ಮಿತಿಯನ್ನೇ ಹಾಕಿರಲಿಲ್ಲ, ಪ್ಯಾಕೇಜ್ ಇಳಿಸುವ ಪಿಪ್ ಹೊಸದನ್ನೇ ತಂದು ಕೂರಿಸಿತ್ತು.

ಮದ್ದು ಗೊತ್ತಾಯಿತು: ನಂಪೈ 1.26.4. ಸುಮಾರು 18 ಎಂಬಿ. ನೆಟ್‌ವರ್ಕ್ ಎಲ್ಲಿದೆ? ಲ್ಯಾಪ್‌ಟಾಪ್ ಕಂಕುಳಲ್ಲಿ ಅವುಚಿ ಮಾಳಿಗೆ ಹತ್ತಿದೆ. ಮೊಬೈಲ್ ಎತ್ತಿ ಹಿಡಿದರೆ ಒಂದು ಗೆರೆ, ಇಳಿಸಿದರೆ ಅದೂ ಇಲ್ಲ. ಡೌನ್ಲೋಡ್ ತೆವಳಿತು, ನಿಂತಿತು, ಕಡಿದೇ ಹೋಯಿತು. ಮತ್ತೆ ಕೊಟ್ಟೆ. ತೋಳು ಸೋತಿತು, ಬ್ಯಾಟರಿ ಕೆಂಪಾಯಿತು, ಕೈ ಮಾತ್ರ ಇಳಿಸಲಿಲ್ಲ. ಕೊನೆಗೂ ಕಡತ ಇಳಿಯಿತು! ಹೊಸ ವರ್ಚುವಲ್ ಎನ್ವಿರಾನ್ಮೆಂಟ್ ಕಟ್ಟಿ ಪ್ಯಾಕೇಜ್ ಕೂರಿಸಿ, ಬದಿಗಿಟ್ಟ ಮಾಡ್ಯೂಲನ್ನೂ ಸೇರಿಸಿ ಉಸಿರು ಬಿಗಿಹಿಡಿದು ಎಂಟರ್ ಒತ್ತಿದೆ.

ಓಡಿತು. ಪಟ್ಟಿ ಗೆಳೆಯರ ಮೊಬೈಲಿಗೆ ಹೋದ ಮೇಲೆಯೇ ತೆರೆ ಕಪ್ಪಾಯಿತು.

ಹೊಲದ ಲೆಕ್ಕವನ್ನು ಪೈಥಾನಿಗೆ ಒಪ್ಪಿಸಿರುವ ಎಲ್ಲರಲ್ಲೂ ಕೇಳಿಕೊಳ್ಳುವುದಿಷ್ಟು: ನಡೆಯುತ್ತಿರುವ ಪ್ರತಿ ಪ್ಯಾಕೇಜಿನ ಆವೃತ್ತಿಯನ್ನು ಇವತ್ತೇ ಬರೆದಿಡಿ, ನೆಟ್ ಇಲ್ಲದೆಯೂ ಕೂರಿಸಬಹುದಾದ ಅವುಗಳ ವೀಲ್ ಕಡತಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಬಿತ್ತಗಿಯ ಹಸಿ ನೆಟ್‌ವರ್ಕಿಗಾಗಿ ಕಾಯುವುದಿಲ್ಲ.